ಮೊದಲಿನ ಮೂತಿ

ಹೊಸ ಕಾರು ಮನೆಗೆ ಬಂದ ವಾರದೊಳಗೆ ಅದನ್ನು ತಿದ್ದದೆ ಬಿಟ್ಟ ಮಹಾನುಭಾವರನ್ನು ನಾನು ಕಂಡಿಲ್ಲ. ಸೀಟ್ ಕವರು, ಬಾಗಿಲ ಹಿಡಿಗೆ ಕ್ರೋಮಿನ ಹೊದಿಕೆ, ಹಿಂಗಾಜಿನ ಮೇಲೆ ಮಗನ ಹೆಸರು, ಹೀಗೆ ಷೋಡಶೋಪಚಾರ ಮುಗಿದ ಮೇಲೇ ಅದು ನಮ್ಮ ಕಾರು. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದರಲ್ಲಿ ಏನೋ ಕೊರತೆ ಇದೆಯೆಂದೂ ಅದು ತನ್ನೊಬ್ಬನ ಕಣ್ಣಿಗೆ ಮಾತ್ರ ಬಿದ್ದಿದೆಯೆಂದೂ ಪ್ರತಿಯೊಬ್ಬ ಮಾಲೀಕನ ದೃಢ ನಂಬಿಕೆ. ಇದು ಮೊದಲನೆಯ ಹುಚ್ಚು. ಕಾರಿಗೆ ನಲವತ್ತು ದಾಟಿದ ಮೇಲೆ ಎರಡನೆಯದು ಹಿಡಿಯುತ್ತದೆ: ಅಂಟಿಸಿದ್ದನ್ನೆಲ್ಲ ಕಿತ್ತು, ಬಳಿದದ್ದನ್ನೆಲ್ಲ ಕೆರೆದು, ಹುಟ್ಟಿದ ದಿನ ಹೇಗಿತ್ತೋ ಹಾಗೇ ಮಾಡಬೇಕು. ಮೊದಲ ಹುಚ್ಚಿಗೆ ಸಂಬಳ ಸಾಕು. ಎರಡನೆಯದಕ್ಕೆ ಪಿಂಚಣಿ, ಗ್ರಾಚ್ಯುಟಿ, ಹೆಂಡತಿಯ ಸಹನೆ ಮೂರೂ ಬೇಕು.

ಈ ಎರಡನೆಯದನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಒದಗಿತು. ಬಾಣಂತನಕ್ಕೆಂದು ಮಗಳ ಮನೆಗೆ ಹೋದ ದಂಪತಿಯಲ್ಲಿ ಗಂಡನಾದವನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಹೆಂಡತಿ ಎಣ್ಣೆನೀರು, ಮೆಣಸಿನ ಸಾರು ಅಂತ ಒಳಗೆ ರಾಜ್ಯಭಾರ ಮಾಡುತ್ತಿದ್ದರೆ ನಾನು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಆ ಕೊನೆಯಲ್ಲೊಂದು ಗ್ಯಾರೇಜು, ಅದರೊಳಗೊಬ್ಬ ನಿವೃತ್ತ ಮೇಷ್ಟರು, ಅವರೆದುರಿಗೆ ನಾಲ್ಕು ಸ್ಟ್ಯಾಂಡುಗಳ ಮೇಲೆ ಒಂದು ಎಂಜಿಬಿ.

ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತ ಎಂಜಿ ಹೆಕ್ಟರ್ ಕಾರಿನ ಮುಂದೆ ಎಂಟು ಮೂಲೆಯ ಲಾಂಛನ ಇರುತ್ತದಲ್ಲ, ಅದರ ತವರು ಈ ಅಬಿಂಗ್ಡನ್. ಇಲ್ಲಿಯ ಕಾರ್ಖಾನೆಯಿಂದ 1962ರಲ್ಲಿ ಹೊರಬಂದ ಎರಡು ಸೀಟಿನ ಎಂಜಿಬಿ, 1980ರ ಅಕ್ಟೋಬರಿನಲ್ಲಿ ಅಲ್ಲಿ ಬೀಗ ಬೀಳುವವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಚಿತ್ರಗಳಲ್ಲಿ ಕಾಣುವ ಎಂಜಿಬಿಗೆ ತೆಳುವಾದ ಕ್ರೋಮ್ ಬಂಪರು, ಅದರ ಹಿಂದೆ ನಗುವ ಗ್ರಿಲ್ಲು. ಮೇಷ್ಟರ ಕಾರು 1976ರದು. ಅದಕ್ಕೆ ನಗು ಇರಲಿಲ್ಲ. ಗ್ರಿಲ್ಲಿನ ಜಾಗದಲ್ಲಿ ಕಪ್ಪನೆಯ ದಪ್ಪ ಮೂತಿ. ಸಾಲದ್ದಕ್ಕೆ ಹಳೆಯ ಮಾಲೀಕನೊಬ್ಬ ನಾಲ್ಕೂ ಚಕ್ರಗಳ ಮೇಲೆ ಫೈಬರ್‌ಗ್ಲಾಸಿನ ಅಗಲವಾದ ಕಮಾನುಗಳನ್ನು ರಿವೆಟ್ ಹೊಡೆದು ಕೂರಿಸಿದ್ದ. 1968ರಲ್ಲಿ ಫ್ಲಾರಿಡಾದ ಸೀಬ್ರಿಂಗ್‌ನ 12 ಗಂಟೆಗಳ ರೇಸಿನಲ್ಲಿ ಎಂಜಿಯವರು ಹೀಗೆ ಭುಜ ಉಬ್ಬಿಸಿದ ಕಾರು ಓಡಿಸಿದ್ದರಂತೆ. ಆಮೇಲೆ ಕಿಟ್ಟುಗಳು ಮಾರಾಟಕ್ಕೆ ಬಂದು, ತರಕಾರಿ ತರಲು ಹೋಗುವ ಎಂಜಿಬಿಗಳೂ ಸೀಬ್ರಿಂಗಿಗೆ ಹೊರಟವರಂತೆ ಭುಜ ಉಬ್ಬಿಸಿದವು.

ಮೇಷ್ಟರು ಸಣ್ಣ ಆಯಸ್ಕಾಂತವೊಂದಕ್ಕೆ ದಾರ ಕಟ್ಟಿಕೊಂಡಿದ್ದರು. ಅದನ್ನು ಮಡ್‌ಗಾರ್ಡಿನ ಮೇಲೆ ಇಟ್ಟು ನಿಧಾನವಾಗಿ ಜಾರಿಸುವರು. ತಗಡು ಇದ್ದಲ್ಲಿ ಕಚ್ಚಿಕೊಳ್ಳುತ್ತಿತ್ತು. ಕಮಾನಿನ ಹತ್ತಿರ ಬಂದದ್ದೇ ತಪ್ಪನೆ ಬಿದ್ದು ದಾರದಲ್ಲಿ ಜೋತಾಡುತ್ತಿತ್ತು. ಅಲ್ಲೆಲ್ಲ ಪುಟ್ಟಿ, ಬೆರಳು ದಪ್ಪ. ನಮ್ಮ ಕಡೆ ಟಿಂಕರಿಂಗ್ ಮಾಡುವವರು ಗೆಣ್ಣಿನಿಂದ ಕುಟ್ಟಿ ಸದ್ದಿನಲ್ಲೇ ಇದನ್ನು ಹೇಳಿಬಿಡುತ್ತಾರೆ ಎಂದು ನಾನು ಕುಟ್ಟಿ ತೋರಿಸಿದೆ. ಒಂದು ಕಡೆ ಠಣ್, ಇನ್ನೊಂದು ಕಡೆ ದಬ್. ಮೇಷ್ಟರು ಮೆಚ್ಚಿದರು, ಆದರೆ ಆಯಸ್ಕಾಂತವನ್ನು ಕೆಳಗಿಡಲಿಲ್ಲ.

ಮರಳು ಕಾಗದದಿಂದ ಒಂದೇ ಕಡೆ ಹಗುರಾಗಿ ಉಜ್ಜಿದಾಗ ಬಣ್ಣದ ಪದರಗಳು ಒಂದರೊಳಗೊಂದು ಬಳೆಗಳಾಗಿ ತೆರೆದುಕೊಂಡವು. ಹೊರಗೆ ಕೆಂಪು, ಅದರೊಳಗೆ ಕಪ್ಪು, ಅದರೊಳಗೆ ಹಸಿರು, ನಟ್ಟನಡುವೆ ಬೆರಳ ತುದಿಯಷ್ಟು ಮಣ್ಣುಗಂದು. ಪ್ರತಿ ಬಳೆಯೂ ಒಬ್ಬೊಬ್ಬ ಮಾಲೀಕ. ಪ್ರತಿಯೊಬ್ಬನೂ ಹಿಂದಿನವನಿಗೆ ರುಚಿಯೇ ಇರಲಿಲ್ಲ ಎಂದುಕೊಂಡೇ ಡಬ್ಬಿ ತೆರೆದಿರಬೇಕು.

ಆ ಮಣ್ಣುಗಂದು ಯಾವುದೆಂದು ತಿಳಿಯಲು ಮೇಷ್ಟರು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿಗೆ ಬರೆದರು. ಕಾರ್ಖಾನೆಯ ದಾಖಲೆಗಳು ಅಲ್ಲಿವೆ; ಶುಲ್ಕ ಕಟ್ಟಿದರೆ ಕಾರು ತಯಾರಾದ ದಿನ, ಎಂಜಿನ್ ಸಂಖ್ಯೆ, ಹಚ್ಚಿದ ಬಣ್ಣ, ಕಳಿಸಿದ ಊರು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡುತ್ತಾರೆ. ಥೇಟ್ ಜಾತಕ. ಜಾತಕ ತರಿಸಿದವರೆಲ್ಲ ರಾಜಯೋಗವನ್ನೇ ನಿರೀಕ್ಷಿಸುವಂತೆ ಮೇಷ್ಟರೂ ರೇಸಿಂಗ್ ಹಸಿರನ್ನೋ ಕಡುಗೆಂಪನ್ನೋ ನಿರೀಕ್ಷಿಸಿದ್ದರು. ಬಂದದ್ದು ಸ್ಯಾಂಡ್‌ಗ್ಲೋ. ಎಪ್ಪತ್ತರ ದಶಕದ ಬ್ರಿಟನ್ನಿನಲ್ಲಿ ಕಂದು ಬಣ್ಣದ ಮೇಲೆ ಅದೇಕೋ ಎಲ್ಲರಿಗೂ ಮೋಹ. ಕಾಗದ ಓದಿದ ಮೇಷ್ಟರ ಹೆಂಡತಿ, "ನಮ್ಮ ಮದುವೆಯ ಸೋಫಾ ಕೂಡ ಇದೇ ಬಣ್ಣದ್ದು, ಅದನ್ನು ಎಸೆದಾಗ ಇವರಿಗೇನೂ ಬೇಜಾರಾಗಲಿಲ್ಲ" ಎಂದರು.

ಇನ್ನು ಮೂತಿಯ ಕಥೆ. 1973ರ ಮಾದರಿಗಳಿಂದ ಅಮೆರಿಕ ಒಂದು ನಿಯಮ ತಂದಿತು: ಗಂಟೆಗೆ ಐದು ಮೈಲಿ ವೇಗದಲ್ಲಿ ಮುಂಭಾಗ ಗುದ್ದಿದರೂ ದೀಪ ಮುಂತಾದವು ಕೆಡಬಾರದು. ಎಂಜಿಬಿಗೆ ದೊಡ್ಡ ಗಿರಾಕಿ ಅಮೆರಿಕವೇ. ಹೊಸ ಕಾರನ್ನೇ ಮಾಡುವಷ್ಟು ದುಡ್ಡು ಎಂಜಿಯ ಒಡೆಯರಾದ ಬ್ರಿಟಿಷ್ ಲೇಲ್ಯಾಂಡ್ ಬಳಿ ಇರಲಿಲ್ಲ. ಮೊದಲು ಬಂಪರಿನ ಮೇಲೆ ಎರಡು ದಪ್ಪ ರಬ್ಬರ್ ಉಬ್ಬುಗಳನ್ನು ಕೂರಿಸಿ ನೋಡಿದರು. ತುಂಬು ಮೈಕಟ್ಟಿಗೆ ಹೆಸರಾಗಿದ್ದ ನಟಿ ಸಬ್ರಿನಾಳ ಹೆಸರನ್ನು ಜನ ಆ ಉಬ್ಬುಗಳಿಗೆ ಇಟ್ಟರು. ಈ ಸಂಗತಿಯನ್ನು ಮೇಷ್ಟರು ಹೇಳಿದ್ದು ನನ್ನ ಹೆಂಡತಿ ಅತ್ತ ಹೋದ ಮೇಲೆ. 1974ರ ಕೊನೆಯ ಹೊತ್ತಿಗೆ ಉಕ್ಕಿನ ಮೇಲೆ ಪಾಲಿಯುರೆಥೇನ್ ಹೊದಿಸಿದ ಕಪ್ಪು ಬಂಪರೇ ಬಂತು, ಜೊತೆಗೆ ಎತ್ತರದ ನಿಯಮಕ್ಕಾಗಿ ಇಡೀ ಕಾರನ್ನು ಒಂದೂವರೆ ಅಂಗುಲದಷ್ಟು ಮೇಲಕ್ಕೆತ್ತಿದರು. ಮೂಗಿಗಿಂತ ಮೂಗುತಿ ಭಾರವಾಗಿ, ತಿರುವಿನಲ್ಲಿ ಕಾರು ತೂಗಾಡತೊಡಗಿತು. ಅದೇ ಹೊತ್ತಿನಲ್ಲಿ ಪೋರ್ಷೆ 911ಕ್ಕೂ ದಪ್ಪ ಬಂಪರು ಬಂತು. ಅದರ ಮಾಲೀಕರಲ್ಲೂ ಅದನ್ನು ಕಿತ್ತು 1973ರ ಮುಖ ಹಾಕಿಸುವವರಿದ್ದಾರೆ.

ಅಂದರೆ ಮೇಷ್ಟರ ಕಾರನ್ನು ಮೊಟ್ಟಮೊದಲು ಕೆಡಿಸಿದ್ದು ಫೈಬರ್‌ಗ್ಲಾಸಿನ ಹುಡುಗನಲ್ಲ, ಕಾರ್ಖಾನೆಯೇ. ಹಾಗಾದರೆ ಮೂಲರೂಪ ಯಾವುದು? ಕಾರು ನಿಜವಾಗಿ ಹುಟ್ಟಿದ ರೂಪವೋ, ಹುಟ್ಟಬೇಕಾಗಿದ್ದ ರೂಪವೋ? ತತ್ತ್ವದ ಪ್ರಶ್ನೆಯಾಗಿದ್ದರೆ ಸಂಜೆಯ ಚಹಾದೊಂದಿಗೆ ಮುಗಿಯುತ್ತಿತ್ತು. ಆದರೆ ಕಮಾನು ಕೂರಿಸುವಾಗ ಒಳಗಿನ ತಗಡನ್ನೇ ಕತ್ತರಿಸಿದ್ದರಿಂದ ಹೊಸ ಮಡ್‌ಗಾರ್ಡುಗಳನ್ನು ತರಿಸಲೇಬೇಕಿತ್ತು. ಕ್ರೋಮ್ ಬಂಪರಿನವಕ್ಕೆ ಒಂದು ಆಕಾರ, ಕಪ್ಪು ಬಂಪರಿನವಕ್ಕೆ ಇನ್ನೊಂದು. ಮುಂದಿನವು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತವೆ. ಹಿಂದಿನವುಗಳ ವೆಲ್ಡಿಂಗ್ ಚುಕ್ಕೆಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ಹತ್ತಿರದ ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಕಂಪನಿ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಕೊಡುತ್ತದೆ. ಹಾಗಾಗಿ ಸಾಮಾನು ಸಿಗದ ಕಷ್ಟ ಮೇಷ್ಟರಿಗಿಲ್ಲ. ಯಾವುದು ಬೇಕೆಂದು ಹೇಳುವುದೇ ಕಷ್ಟ.

ಕಾನೂನೂ ಈ ವಿಷಯದಲ್ಲಿ ಒಮ್ಮನಸ್ಸಿನದಲ್ಲ. ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರದೆ ಮೂಲರೂಪದಲ್ಲೇ ಇರಬೇಕು. ಆಗ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳ ಗೌರವ. ಇಂಗ್ಲೆಂಡಿನವರು ಸ್ವಲ್ಪ ದಯಾಳು. 40 ದಾಟಿದ ಕಾರಿಗೆ ವರ್ಷವರ್ಷದ ಎಂಒಟಿ ತಪಾಸಣೆ ಬೇಕಿಲ್ಲ, ಆದರೆ ಕಳೆದ 30 ವರ್ಷಗಳಲ್ಲಿ ಮುಖ್ಯ ಭಾಗಗಳನ್ನು ಗಣನೀಯವಾಗಿ ಬದಲಿಸಿರಬಾರದು. ಅದಕ್ಕೂ ಹಿಂದಿನ ಪಾಪ ಲೆಕ್ಕಕ್ಕಿಲ್ಲ. ಇಷ್ಟು ಉದಾರವಾದ ಕರ್ಮಸಿದ್ಧಾಂತ ನಮ್ಮ ಯಾವ ಮಠದಲ್ಲೂ ಇಲ್ಲ.

ಪಾಪ ಹಳೆಯದಾಗಿ ಪುಣ್ಯವೇ ಆದದ್ದೂ ಉಂಟು. ತಮ್ಮನ್ನು ಬಿಟ್ಟುಹೋದ ಎಂಜಿನಿಯರುಗಳಿಗೆ ಆಶ್ರಯ ಕೊಟ್ಟರೆಂಬ ಸಿಟ್ಟಿಗೆ ಎನ್‌ಜೊ ಫೆರಾರಿ, ಇಟಲಿಯ ಕೌಂಟ್ ಜೊವಾನಿ ವೋಲ್ಪಿಗೆ ಹೊಸ 250 ಜಿಟಿಒ ಮಾರಲು ಒಪ್ಪಲಿಲ್ಲ. ವೋಲ್ಪಿ ತಮ್ಮಲ್ಲಿದ್ದ ಹಳೆಯ 250 ಜಿಟಿಯ ಮೂಗನ್ನು ತಗ್ಗಿಸಿ, ಚಾವಣಿಯನ್ನು ಹಿಂದಕ್ಕೆಳೆದು, ಬಾಲವನ್ನು ನೆಟ್ಟಗೆ ಕತ್ತರಿಸಿ 1962ರ ಲ ಮಾನ್ಸ್ ರೇಸಿಗೆ ಕಳಿಸಿದರು. ಅದು ಮಧ್ಯದಲ್ಲೇ ಕೆಟ್ಟು ನಿಂತಿತು. ಬ್ರೆಡ್‌ವ್ಯಾನ್ ಎಂಬ ಅಡ್ಡಹೆಸರು ಮಾತ್ರ ಉಳಿಯಿತು. ಇವತ್ತು ಅದನ್ನು ಮೂಲರೂಪಕ್ಕೆ ತರುತ್ತೇನೆಂದು ಯಾರಾದರೂ ಸುತ್ತಿಗೆ ಎತ್ತಿದರೆ ಕೈ ಹಿಡಿದು ನಿಲ್ಲಿಸುವವರು ನೂರು ಜನ. ಕೌಂಟ್ ಕತ್ತರಿಸಿದರೆ ಇತಿಹಾಸ, ಅಬಿಂಗ್ಡನ್ನಿನ ಹುಡುಗ ಕತ್ತರಿಸಿದರೆ ಅಪಚಾರ. ಆ ಹುಡುಗನ ಕೈಯಲ್ಲಿದ್ದದ್ದೂ ಪ್ರೀತಿಯೇ. ಅವನ ಬಳಿ ಇಲ್ಲದ್ದು ಹೆಸರು.

ಮೇಷ್ಟರು ಕೊನೆಗೆ ಕ್ರೋಮ್ ಮೂತಿಯನ್ನೇ ಆರಿಸಿಕೊಂಡು, ಜಾತಕದ ಮರ್ಯಾದೆ ಉಳಿಸಲು ಸ್ಯಾಂಡ್‌ಗ್ಲೋ ಬಣ್ಣವನ್ನು ಒಪ್ಪಿಕೊಂಡರು. ಕಾರ್ಖಾನೆ ಎಂದೂ ಮಾಡದ ಜೋಡಿ ಅದು. "ಇದು ಮೂಲರೂಪ ಹೇಗಾಯಿತು?" ಎಂದು ಕೇಳಿದೆ. "ವಿನ್ಯಾಸ ಮಾಡಿದವರ ಮನಸ್ಸಿನ ಮೂಲರೂಪ" ಎಂದರು, ಅವರೇ ಬಂದು ಕಿವಿಯಲ್ಲಿ ಹೇಳಿ ಹೋದವರಂತೆ. ನನ್ನ ಹೆಂಡತಿಯ ತೀರ್ಪು ಬೇರೆ: "ರೀ, ಆ ಮನೆಯ ಅಡುಗೆಕೋಣೆ ನಲ್ಲಿ ಹೋದ ವರ್ಷದಿಂದ ಸೋರ್ತಾ ಇದೆಯಂತೆ. ಅದರ ಮೂಲರೂಪ ಯಾವಾಗಂತೆ?"

ಕಿತ್ತ ಫೈಬರ್‌ಗ್ಲಾಸ್ ಕಮಾನುಗಳು ಗ್ಯಾರೇಜಿನ ಹೊರಗೆ ಕಸದ ಗಾಡಿಗಾಗಿ ಕಾಯುತ್ತಿದ್ದವು. ಒಂದು ಬೆಳಗ್ಗೆ ಇಪ್ಪತ್ತೈದರ ತರುಣನೊಬ್ಬ ಬಂದು ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂಬತ್ತರ ದಶಕದ ಅಸಲಿ ಕಿಟ್, ಈಗ ಸಿಗೋದೆಲ್ಲ ನಕಲು" ಎಂದು ಕೇಳಿದಷ್ಟು ದುಡ್ಡು ಎಣಿಸಿಕೊಟ್ಟು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ. ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕಸಕ್ಕೆಂದು ಎತ್ತಿಟ್ಟಿದ್ದ ಕಪ್ಪು ಬಂಪರನ್ನು ಒಳಗೆ ತಂದು, ಬಟ್ಟೆಯಿಂದ ಒರೆಸಿ, ಅಟ್ಟದ ಮೇಲೆ ಜಾಗ ಮಾಡಲು ನನ್ನನ್ನು ಏಣಿ ಹಿಡಿದುಕೊಳ್ಳುವಂತೆ ಕರೆದರು. ಇನ್ನು ಇಪ್ಪತ್ತು ವರ್ಷಕ್ಕೆ ಅದನ್ನು ಕೇಳಿಕೊಂಡು ಬರುವವನಿಗೆ ಎಷ್ಟು ಹೇಳಬೇಕೆಂದು ಏಣಿಯ ಮೇಲಿಂದಲೇ ನನ್ನ ಅಭಿಪ್ರಾಯ ಕೇಳಿದರು.