ಕೆಂಪು ಚುಕ್ಕೆಯ ತಣ್ಣೀರು

ಬಾರಾಮತಿಯಲ್ಲಿ ಬಿಸಿಲಿಗೆ ಬರವಿಲ್ಲ. ಬರ ಏನಿದ್ದರೂ ಮಳೆಗೆ. ತಾಲೂಕಿನ ಒಂದು ಭಾಗ ನೀರಾ ಎಡದಂಡೆ ಕಾಲುವೆಯ ನೀರು ಕುಡಿದು ಕಬ್ಬು ಬೆಳೆಯುತ್ತದೆ, ಇನ್ನೊಂದು ಭಾಗ ಮುಗಿಲು ನೋಡುತ್ತ ಕೂರುತ್ತದೆ. ಮುಗಿಲಂತೂ ವರ್ಷದ ಬಹುಪಾಲು ಸ್ವಚ್ಛ. ಇಂಥ ಊರಲ್ಲಿ ಟೆರೇಸಿನ ಮೇಲೆ ಸೋಲಾರ್ ಇದ್ದೂ ಬಿಸಿನೀರಿಗೆ ಪರದಾಡುವುದುಂಟೇ ಎಂದು ಕೇಳುವವರು ಒಂದು ಡಿಸೆಂಬರ್ ಬೆಳಗ್ಗೆ ನಮ್ಮ ಸೊಸೈಟಿಗೆ ಬರಬೇಕು. ಕೆಂಪು ಚುಕ್ಕೆಯ ನಲ್ಲಿ ತಿರುವಿ, ಬೆರಳು ಚಾಚಿ, ಟವೆಲ್ ಸುತ್ತಿಕೊಂಡು ಧ್ಯಾನಸ್ಥರಾಗಿ ನಿಂತ ಗೃಹಸ್ಥರು ಮನೆಮನೆಯಲ್ಲೂ ಸಿಗುತ್ತಾರೆ.

ಸೋಲಾರಿನ ವಿದ್ಯೆ ಸರಳ. ಕೊಳವೆಯಲ್ಲಿ ಕಾದ ನೀರು ಹಗುರಾಗಿ ಮೇಲಿನ ಟಾಕಿಗೆ ಏರುತ್ತದೆ, ಟಾಕಿಯ ತಣ್ಣೀರು ಭಾರಕ್ಕೆ ಕೆಳಗಿಳಿದು ಕೊಳವೆ ಸೇರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಎಂಬಾತ 1909ರಲ್ಲೇ ಟಾಕಿಯನ್ನು ಬೇರೆ ಮಾಡಿ ಅದಕ್ಕೆ ಬೆಚ್ಚನೆ ಹೊದಿಕೆ ಹಾಕಿ, ಮಧ್ಯಾಹ್ನದ ಬಿಸಿಲನ್ನು ಮರುದಿನದ ಸ್ನಾನಕ್ಕೆ ಉಳಿಸಿಕೊಟ್ಟ. ಆದರೆ ಅವನ ಕೆಲಸ ಟಾಕಿಯವರೆಗೆ ಮಾತ್ರ. ಟಾಕಿಯಿಂದ ಬಕೀಟಿನವರೆಗಿನ ದಾರಿ ಪ್ಲಂಬರನದು, ಅಲ್ಲಿಂದಾಚೆಗೆ ದೇವರದು.

ನಮ್ಮ ಪ್ಲಂಬರನ ಬಳಿ ಎಲ್ಲ ರೋಗಕ್ಕೂ ಒಂದೇ ನಿದಾನ: "ಲೈನ್‌ಮಧ್ಯೆ ಏರ್ ಧರಲಾಯ್, ಕಾಕಾ." ಏರ್ ಹಿಡಿದಿದೆಯಂತೆ. ಇದು ಸುಳ್ಳೇನೂ ಅಲ್ಲ. ಪೈಪು ಎಲ್ಲಾದರೂ ಡೊಂಕಾಗಿ ಮೇಲೆದ್ದಿದ್ದರೆ ಆ ಗೂನಿನಲ್ಲಿ ಗಾಳಿ ಸೇರಿಕೊಂಡು ನೀರಿಗೆ ದಾರಿ ಬಿಡುವುದಿಲ್ಲ. ಅದಕ್ಕೇ ಟಾಕಿಯ ನೆತ್ತಿಯಿಂದ ಏರ್ ವೆಂಟ್ ಎಂಬ ಉದ್ದನೆಯ ಪೈಪನ್ನು ಆಕಾಶಕ್ಕೆ ಬಾಯಿ ತೆರೆಸಿ ನಿಲ್ಲಿಸಿರುತ್ತಾರೆ. ಪ್ಲಂಬರ್ ಅದನ್ನು ಅಲುಗಿಸಿದ, ಒಂದು ಕಪ್ಲಿಂಗ್ ಬಿಚ್ಚಿ ಬುಸ್ಸೆನ್ನಿಸಿದ, ಹಣ ಪಡೆದು ಹೋದ. ನೀರು ಮೊದಲಿಗಿಂತ ಜೋರಾಗಿ ಬಂತು, ಅಷ್ಟೇ ತಣ್ಣಗೆ.

ಸೆಕ್ರೆಟರಿಯ ಮತ ಬೇರೆ: ಬೋರ್‌ವೆಲ್ಲಿನ ಗಡಸು ನೀರಿಗೆ ಕೊಳವೆಯೊಳಗೆ ಸುಣ್ಣ ಕಟ್ಟಿದೆ. ಚೇರ್ಮನ್ನರ ಪ್ರಕಾರ ಸೂರ್ಯನೇ ಮೊದಲಿನಂತಿಲ್ಲ. ನಾನು ಮತ ಕೊಡುವ ಮುನ್ನ ಸಂಜೆ ಟೆರೇಸು ಹತ್ತಿ ಟಾಕಿಯಿಂದ ಇಳಿಯುವ ಪೈಪು ಮುಟ್ಟಿದೆ. ಕೈ ಚುರ್ರೆಂದಿತು. ಅಂದರೆ ಸೂರ್ಯ ನಿರ್ದೋಷಿ.

ಇದೇ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಿಂದ ಮಗಳ ಫೋನು. ಅಲ್ಲಿ ಬಿಸಿನೀರು ಸ್ನಾನಕ್ಕಷ್ಟೇ ಅಲ್ಲ, ಗೋಡೆಗೆ ತಗುಲಿಸಿದ ರೇಡಿಯೇಟರುಗಳಲ್ಲಿ ಸುತ್ತಾಡಿ ಮನೆಯನ್ನೇ ಕಾಯಿಸುತ್ತದೆ. ಅವಳ ಮಲಗುವ ಕೋಣೆಯದು ತಣ್ಣಗಾಗಿತ್ತು. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ. ಪುಟ್ಟ ಕೀಲಿಯಿಂದ ಮೂಲೆಯ ತಿರುಪು ಸಡಿಲಿಸಿ, ಸುಯ್ಯೆನ್ನುವುದು ನಿಂತು ನೀರು ಜಿನುಗುವಾಗ ಬಿಗಿಯಬೇಕು. ಕೆಳಭಾಗ ತಣ್ಣಗಿದ್ದರೆ ತುಕ್ಕಿನ ಕರಿ ರಾಡಿ. ದೂರದ ಒಂದೇ ಒಂದು ತಣ್ಣಗಿದ್ದರೆ ಬಾಯ್ಲರಿನ ಹತ್ತಿರದವುಗಳ ವಾಲ್ವನ್ನು ತುಸು ಬಿಗಿಯಬೇಕು, ಇಲ್ಲದಿದ್ದರೆ ಅವೇ ಎಲ್ಲ ಕುಡಿದುಬಿಡುತ್ತವೆ. ಇದನ್ನು ತಿಳಿಯಲು ಲೀಡ್ಸ್‌ಗೆ ಹೋಗಬೇಕಿಲ್ಲ. ನಮ್ಮ ನೀರಾ ಕಾಲುವೆಯ ಕೊನೆಯಲ್ಲಿರುವ ಇಂದಾಪುರ ಕಡೆಯ ರೈತರನ್ನು ಕೇಳಿದರೆ ಸಾಕು. "ಅಪ್ಪಾ, ನಂದು ಮ್ಯಾಲ ತಣ್ಣಗ ಐತಿ" ಎಂದಳು. ಹಾಗಾದರೆ ಅವಳಿಗೂ ಏರ್ ಹಿಡಿದಿದೆ! ಏಳು ಸಮುದ್ರದಾಚೆಯ ರೋಗಕ್ಕೆ ನಮ್ಮ ಪ್ಲಂಬರನ ನಿದಾನ ಸರಿಹೊಂದಿತು, ನಮ್ಮ ಕಟ್ಟಡಕ್ಕೆ ಮಾತ್ರ ಹೊಂದಲಿಲ್ಲ.

ಸುಳಿವು ಸಿಕ್ಕಿದ್ದು ಊಹಿಸದ ಜಾಗದಲ್ಲಿ. "ಏನ್ರೀ, ಪಾಯಖಾನಿ ಟಾಕಿಯೊಳಗ ಬಿಸಿನೀರು ಬರಾಕತ್ತಾವ ನೋಡ್ರಿ!" ಎಂದು ಹೆಂಡತಿ ಕೂಗಿದಳು. ಹೋಗಿ ಫ್ಲಶ್ ಟ್ಯಾಂಕಿನೊಳಗೆ ಬೆರಳಿಟ್ಟರೆ ನಿಜಕ್ಕೂ ಹದವಾದ ಬಿಸಿ. ಮೀಯುವವರಿಗೆ ತಣ್ಣೀರು, ಕಮೋಡಿಗೆ ಅಭ್ಯಂಜನ.

ಅಂದರೆ ಬಿಸಿಯ ಲೈನೂ ತಣ್ಣನೆಯ ಲೈನೂ ಎಲ್ಲೋ ಕೂಡಿಕೊಂಡಿವೆ. ಇದಕ್ಕೊಂದು ಪರೀಕ್ಷೆಯಿದೆ, ಖರ್ಚಿಲ್ಲದ್ದು. ಟೆರೇಸಿನಲ್ಲಿ ಬಿಸಿನೀರಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಕೆಳಗಿಳಿದು ಕೆಂಪು ಚುಕ್ಕೆಯ ನಲ್ಲಿ ತಿರುವಬೇಕು. ಪೈಪಿನಲ್ಲಿ ಉಳಿದದ್ದು ಸುರಿದು ನಲ್ಲಿ ಬತ್ತಬೇಕು. ಬತ್ತದೆ ಧಾರಾಳ ಹರಿಯುತ್ತಿದ್ದರೆ ಅದು ಸೋಲಾರಿನ ನೀರಲ್ಲ, ಯಾರದೋ ಮನೆಯಿಂದ ನುಸುಳಿ ಬರುವ ತಣ್ಣೀರು. ನಮ್ಮದು ಧಾರಾಳ ಹರಿಯಿತು. ಡಕ್ಟಿನಲ್ಲಿ ಒಂದೊಂದೇ ಮನೆಯ ಬಿಸಿನೀರಿನ ಕಾಕ್ ಮುಚ್ಚುತ್ತ ಹೋದೆವು. ಮೂರನೇ ಮಹಡಿಯ ಮೂಲೆಮನೆಯದು ಮುಚ್ಚಿದ್ದೇ ತಡ, ಕೆಳಗಿನಿಂದ "ಬಂದ್ ಝಾಲಾ!" ಎಂಬ ಜಯಘೋಷ.

ಆ ಮನೆಗೆ ಬೀಗ. ಯಜಮಾನರು ಸೋದರಳಿಯನ ಮದುವೆಗೆಂದು ಸಾತಾರಾಕ್ಕೆ ಹೋಗಿದ್ದರು. ಕೆಲಸದವಳ ಬಳಿಯ ಕೀಲಿಯಿಂದ ಬಾಗಿಲು ತೆಗೆಸಿ ನೋಡಿದರೆ, ಬಚ್ಚಲಿನ ಮಿಕ್ಸರಿನ ಎರಡೂ ತಿರುಪು ಪೂರ್ತಿ ತೆರೆದಿವೆ. ತುದಿಯ ಹ್ಯಾಂಡ್ ಶವರಿನ ಗುಂಡಿ ಮಾತ್ರ ಮುಚ್ಚಿದೆ. ಹೊರಗೆ ಒಂದು ಹನಿಯೂ ಬೀಳದು. ಒಳಗೆ ಮಾತ್ರ ಎರಡು ಲೈನುಗಳ ಗಡಿ ಅಳಿಸಿಹೋಗಿದೆ. ಯಾರಾದರೂ ಬಿಸಿನೀರು ಬಿಟ್ಟರೆ ಆ ಲೈನಿನ ಒತ್ತಡ ಇಳಿದು ತಣ್ಣೀರು ಅತ್ತ ನುಗ್ಗುತ್ತದೆ. ಯಾರಾದರೂ ಫ್ಲಶ್ ಮಾಡಿದರೆ ಬಿಸಿನೀರು ಇತ್ತ.

ಫೋನು ಮಾಡಿದಾಗ ಆ ಕಡೆಯಿಂದ ವಾಲಗದ ಸದ್ದು, ಅದರ ನಡುವೆ ಅವರ ಸಿಟ್ಟು: ನಾನು ಊರಲ್ಲೇ ಇಲ್ಲ, ಒಂದು ತಂಬಿಗೆ ನೀರು ಬಳಸಿಲ್ಲ, ನಿಮ್ಮ ನೀರು ಹೇಗೆ ತಣ್ಣಗೆ ಮಾಡಲಿ? ಇದಕ್ಕೆ ಉತ್ತರ ಕೊಡಲು ಫಿಸಿಕ್ಸ್ ಪ್ರೊಫೆಸರ್ ಬೇಕು, ನಮ್ಮಲ್ಲಿದ್ದದ್ದು ಚೇರ್ಮನ್. ಆಮೇಲೆ ಮೀಟಿಂಗಾಗಿ, ಪ್ರತಿ ಮನೆಯ ಬಿಸಿ ಲೈನಿಗೂ ತಣ್ಣನೆಯ ಲೈನಿಗೂ ನೀರು ಹಿಂದಿರುಗದಂತೆ ತಡೆಯುವ ಎನ್‌ಆರ್‌ವಿ ಹಾಕಿಸುವುದೆಂದು ಠರಾವಾಯಿತು. ಗೀಜರ್ ಇರುವ ನೆಲಮಹಡಿಯವರು ನಾವೇಕೆ ದುಡ್ಡು ಕೊಡಬೇಕೆಂದರು. ಸಾತಾರಾದಿಂದ ಮರಳಿದವರು ಒಂದು ಅರ್ಜಿಯನ್ನೇ ತಂದಿದ್ದರು: ಮದುವೆಗೆ ಹೋಗಿದ್ದ ಅಷ್ಟೂ ದಿನದ ನೀರಿನ ಮೆಂಟೆನೆನ್ಸ್ ವಾಪಸ್ ಕೊಡಬೇಕು. ಅರ್ಜಿಯನ್ನು ಮುಂದಿನ ಮೀಟಿಂಗಿಗೆ ಇಟ್ಟಿದ್ದಾರೆ.