ಮುಹೂರ್ತ ತಪ್ಪದ ಬಾಂಬು

1998ರ ಡಿಸೆಂಬರಿನಲ್ಲಿ ಮೈಕ್ರೋಪ್ರೋಸ್ ಕಂಪನಿ 'ಫಾಲ್ಕನ್ 4.0' ಎಂಬ ಯುದ್ಧವಿಮಾನದ ಸಿಮ್ಯುಲೇಟರನ್ನು ಮಾರುಕಟ್ಟೆಗೆ ಬಿಟ್ಟಾಗ ಜೊತೆಗೆ ಸುಮಾರು 600 ಪುಟದ ಕೈಪಿಡಿಯನ್ನೂ ಕೊಟ್ಟಿತ್ತು. ಪೆಟ್ಟಿಗೆ ಬಿಚ್ಚಿದವರಲ್ಲಿ ಬಹುಪಾಲು ಜನ ಮೊದಲು ಡಿಸ್ಕಿಗೆ ಕೈ ಹಾಕಿದರು. ಕೆಲವರು ಮಾತ್ರ ಕೈಪಿಡಿಗೆ. ಈ ಬರಹ ಆ ಕೆಲವರನ್ನು ಕುರಿತದ್ದು. ಹೊರಗಿನವರು ಅವರನ್ನು ಯುದ್ಧಪ್ರಿಯರೆಂದು ತಿಳಿಯುತ್ತಾರೆ. ಎದುರಿಗೆ ಎಫ್-16, ಕಿವಿಗೆ ಹೆಡ್‌ಫೋನು, ಬಾಯಲ್ಲಿ ಕ್ಷಿಪಣಿಗಳ ನಾಮಾವಳಿ. ಹಾಗೆ ತಿಳಿದರೆ ಆಶ್ಚರ್ಯವಿಲ್ಲ. ಆದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತವರಿಗೆ (ಸ್ವಲ್ಪ ಹೊತ್ತು ಎಂಬುದು ಅವರ ಲೆಕ್ಕ) ಬೇರೆಯೇ ಕಾಣುತ್ತದೆ. ವಾಯುದಾಳಿ ಯೋಜಿಸುವ ಈ ಮಹನೀಯರಿಗೆ ಬಾಂಬು ಬಿದ್ದರೆ ಸಾಲದು, ಪಟ್ಟಿಯಲ್ಲಿ ಬರೆದ ಗಳಿಗೆಗೇ ಬೀಳಬೇಕು. ಅವರು ಹುಟ್ಟಾ ಗುಮಾಸ್ತರು ಎಂಬುದು ನನ್ನ ವಾದ. ಗುಮಾಸ್ತ ಎಂಬುದು ಬೈಗುಳವಲ್ಲ ಎಂಬುದೂ ಅದರಲ್ಲೇ ಸೇರಿದೆ, ಮಧ್ಯೆ ಮಧ್ಯೆ ಮರೆತರೂ.

ಮೊದಲ ಸಾಕ್ಷಿ ಆಟದ ರಚನೆಯೇ. ಫಾಲ್ಕನ್ನಿನಲ್ಲಿ ಕೊರಿಯಾದ ಕಾಲ್ಪನಿಕ ಯುದ್ಧವೊಂದು ತಾನಾಗಿ ನಡೆಯುತ್ತಿರುತ್ತದೆ. ಟ್ಯಾಂಕು ದಳಗಳು ಸಾಗುತ್ತವೆ, ಸೇತುವೆ ಮುರಿದರೆ ತಡವರಿಸುತ್ತವೆ, ಮುರಿದದ್ದು ನಿಧಾನಕ್ಕೆ ದುರಸ್ತಿಯಾಗುತ್ತದೆ. ಯಾವ ವಿಮಾನ ಯಾವಾಗ ಎಲ್ಲಿಗೆ ಎಂಬ ಆದೇಶವನ್ನೂ ಕಂಪ್ಯೂಟರೇ ಹೊರಡಿಸುತ್ತದೆ. ಆಡುವವನು ಒಂದು ವಿಮಾನ ಹತ್ತಿ ಹೋಗಿ ಬರಬಹುದು. ಹತ್ತದಿದ್ದರೂ ಯುದ್ಧಕ್ಕೆ ಅವನ ಹಂಗಿಲ್ಲ. ನಮ್ಮ ಮಹನೀಯರಿಗೆ ಸಹಿಸದಿರುವುದು ಇದೇ. ಯಂತ್ರದ ಆದೇಶವನ್ನು ಓದುತ್ತಾರೆ, ನಿಟ್ಟುಸಿರಿಡುತ್ತಾರೆ, ಅಳಿಸುತ್ತಾರೆ. ಇಮ್ಜಿನ್ ನದಿಯ ಮೇಲಿನ ಒಂದು ಸೇತುವೆ ಕೆಡವಬೇಕು ಅನ್ನಿ. ಬಾಂಬು ಹೊತ್ತ ನಾಲ್ಕು ವಿಮಾನ ಹೋದರೆ ಮುಗಿಯಿತೆ? ಅವಕ್ಕಿಂತ ಮುಂಚೆ ಹಾರ್ಮ್ ಕ್ಷಿಪಣಿಯ ತಂಡ ಹೋಗಿ ನೆಲದ ರೇಡಾರುಗಳ ಬಾಯಿ ಕಟ್ಟಬೇಕು. ಅದಕ್ಕೂ ಮುಂಚೆ ಮಿಗ್‌ಗಳನ್ನು ತಡೆಯಲು ಬೆಂಗಾವಲು. ದಕ್ಷಿಣದಲ್ಲಿ ಇಂಧನದ ಟ್ಯಾಂಕರ್ ಸುತ್ತು ಹಾಕುತ್ತಿರಬೇಕು. ಕುನ್ಸಾನ್‌ನಿಂದ ಹೊರಟವರೂ ಓಸಾನ್‌ನಿಂದ ಹೊರಟವರೂ ಒಂದೇ ಬಿಂದುವಿನಲ್ಲಿ ಕೂಡಬೇಕು. ವೇಗ 420, 480, ಇಲ್ಲವೇ 540 ನಾಟ್. ಅರವತ್ತರಿಂದ ಭಾಗಿಸಿದರೆ ನಿಮಿಷಕ್ಕೆ ಸರಿಯಾಗಿ ಏಳು, ಎಂಟು, ಒಂಬತ್ತು ನಾಟಿಕಲ್ ಮೈಲಿ. ಲೆಕ್ಕ ಬಾಯಲ್ಲೇ ಆಗುತ್ತದೆ, ನಿಜವಾದ ಪೈಲಟ್‌ಗಳ ಉಪಾಯವೂ ಇದೇ. ಯಾರಾದರೂ 450 ಎಂದರೆ ಅವರ ಮನೆತನವನ್ನೇ ಶಂಕಿಸುವಂತೆ ನೋಡುತ್ತಾರೆ. ಗುರಿಯ ಮೇಲಿರಬೇಕಾದ ಗಳಿಗೆಯನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಎಂಜಿನ್ ಚಾಲೂ ಮಾಡುವ ಹೊತ್ತಿಗೆ ಬಂದು ನಿಲ್ಲುತ್ತಾರೆ. ಮುಹೂರ್ತದಿಂದ ಹಿಂದಕ್ಕೆ ನಾಂದಿ, ಚಪ್ಪರ, ದಿಬ್ಬಣವೆಂದು ಲೆಕ್ಕ ಹಾಕುವ ಮದುವೆಮನೆಯ ಸೋದರಮಾವನಿಗೂ ಇವರಿಗೂ ವ್ಯತ್ಯಾಸ ಇಷ್ಟೆ: ಆತನಿಗೆ ಕೊನೆಗೆ ಊಟವಾದರೂ ಸಿಗುತ್ತದೆ.

ಎರಡನೆಯ ಸಾಕ್ಷಿ ಬ್ರೀಫಿಂಗ್, ಮತ್ತು ಇದನ್ನು ಕುರಿತು ನಾನು ಸಂಯಮದಿಂದ ಬರೆಯುತ್ತೇನೆಂದು ಭರವಸೆ ಕೊಡಲಾರೆ. ಗುಂಪು ಕಟ್ಟಿಕೊಂಡು ಆಡುವ ಕಡೆ, ವಾರಾಂತ್ಯದ ರಾತ್ರಿ, ನಾನಾ ದೇಶಗಳ ಹೆಡ್‌ಫೋನುಗಳು ಒಂದಾಗುವ ಹೊತ್ತಿಗೆ ಮಹನೀಯರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಹವಾಮಾನದಿಂದ ಶುರು. ಗಾಳಿ ಯಾವ ಎತ್ತರದಲ್ಲಿ ಯಾವ ದಿಕ್ಕಿನಿಂದ, ಮೋಡದ ತಳ ಎಷ್ಟು. ಆಮೇಲೆ ದಾರಿಯ ಪ್ರತಿಯೊಂದು ಬಿಂದು: ಅಲ್ಲಿನ ಎತ್ತರ, ವೇಗ, ಸೆಕೆಂಡು ಸಹಿತ ಹೊತ್ತು. ಮೂರನೆಯ ವಿಮಾನ ಕೆಟ್ಟರೆ ಏನು, ಒಂದನೆಯದು ಬಿದ್ದರೆ ಏನು, ಇಬ್ಬರೂ ಬಿದ್ದರೆ ಸಂತಾಪ ಸೂಚಿಸುವವರು ಯಾರು ಎಂಬುದೊಂದನ್ನು ಬಿಟ್ಟು ಎಲ್ಲ. ನಾಲ್ಕನೆಯ ಪೈಲಟ್, ಪಾಪ, ಮೂರನೆಯವನ ಬಾಲ ಹಿಡಿದು ಹೋಗಬೇಕಾದವನು, 'ಸರ್, ನಾನು ಏನು ಮಾಡಬೇಕು?' ಎನ್ನುತ್ತಾನೆ. 'ಅಲ್ಲಿಗೇ ಬರ್ತಿದ್ದೀನಿ' ಎಂಬ ಉತ್ತರ ಬರುತ್ತದೆ. ಅವರು ಮಾತ್ರ ಬರುವುದಿಲ್ಲ. ಕೊನೆಗೆ 'ಸಂಶಯವಿದ್ದರೆ ಕೇಳಿ' ಎನ್ನುತ್ತಾರೆ. ಯಾರೂ ಉಸಿರೆತ್ತುವುದಿಲ್ಲ, ಹಿಂದೊಮ್ಮೆ ಕೇಳಿದವನ ಪಾಡು ಎಲ್ಲರಿಗೂ ನೆನಪಿದೆ. ಆಮೇಲೆ ವಿಮಾನದ ದಿಕ್ಸೂಚಕ ವ್ಯವಸ್ಥೆ ಹೊಂದಿಕೊಳ್ಳಲು ಎಂಟು ನಿಮಿಷ ಕಾಯಬೇಕು. ಅದರಲ್ಲಿಯೂ ಅವರು ಎರಡು ತಿದ್ದುಪಡಿ ಓದುತ್ತಾರೆ. ಅಷ್ಟರಲ್ಲಿ ಕಂಪ್ಯೂಟರು ನಡೆಸುವ ಯಾವುದೋ ಅನಾಮಧೇಯ ವಿಮಾನ ಟ್ಯಾಕ್ಸಿ ದಾರಿಯಲ್ಲಿ ಅಡ್ಡ ನಿಂತು ಇಡೀ ವೇಳಾಪಟ್ಟಿಯನ್ನು ಮಣ್ಣುಪಾಲು ಮಾಡಿದಾಗ ಅವರ ದನಿ ಕೇಳಬೇಕು. ಅದರಲ್ಲಿ ಸಿಟ್ಟು ಇರುವುದಿಲ್ಲ, ಸೂತಕವಿರುತ್ತದೆ.

ಇದಕ್ಕೆ ಬರುವ ಆಕ್ಷೇಪಣೆ ಹಗುರದ್ದಲ್ಲ. ಪಟ್ಟಿಯಾದರೇನು, ಕೊನೆಗೆ ಬೀಳುವುದು ಬಾಂಬೇ ತಾನೆ? ಗುಮಾಸ್ತಗಿರಿ ಹಿಂಸೆಗೆ ಹೊದಿಸಿದ ಮಡಿಬಟ್ಟೆ ಎಂದು ಯಾಕೆ ಹೇಳಬಾರದು? ಈ ಮಾತಿನಲ್ಲಿ ನಿಜವಿದೆ. ನಿಜವಾದ ಕೊರಿಯಾ ಯುದ್ಧದಲ್ಲಿ, 1950ರ ನವೆಂಬರಿನಲ್ಲಿ, ಯಾಲು ನದಿಯ ಸೇತುವೆಗಳ ಮೇಲೆ ಅಮೆರಿಕದ ವಿಮಾನಗಳು ನಡೆಸಿದ ದಾಳಿಯ ಕಥೆ ಮಹನೀಯರಿಗೆ ಬಾಯಿಪಾಠ. ಚೀನಾದ ಕಡೆಯ ಅರ್ಧವನ್ನು ಮುಟ್ಟಕೂಡದು, ಕೊರಿಯಾದ ಕಡೆಯ ಅರ್ಧವನ್ನಷ್ಟೇ ಹೊಡೆಯಬೇಕು ಎಂದು ಮೇಲಿನ ಅಪ್ಪಣೆ. ಹೇಗೋ ಕಷ್ಟಪಟ್ಟು ಹೊಡೆದರೆ ಚಳಿಗಾಲ ಬಂದು ನದಿಯೇ ಹೆಪ್ಪುಗಟ್ಟಿತು, ಮಂಜುಗಡ್ಡೆಯ ಮೇಲೆ ದಾಟಬಹುದಾಯಿತು. ಯೋಜನೆಯ ದೋಷಕ್ಕೆ ಉದಾಹರಣೆಯಾಗಿ ಅವರು ಇದನ್ನು ಸವಿದು ಸವಿದು ಹೇಳುತ್ತಾರೆ. ಅದೇ ವಾರಗಳಲ್ಲಿ ಸೇತುವೆಯ ಈಚೆ ದಡದ ಸಿನುಯಿಜು ಪಟ್ಟಣ ಬೆಂಕಿಬಾಂಬುಗಳಿಗೆ ಉರಿದುಹೋದದ್ದು ಅವರ ಕಥೆಯಲ್ಲಿ ಬರುವುದಿಲ್ಲ. ಆಟದ ನಕ್ಷೆಯಲ್ಲಿಯೂ ಸೇತುವೆಯುಂಟು, ಕಾರ್ಖಾನೆಯುಂಟು, ರೇಡಾರುಂಟು, ಸಂತೆಗೆ ಹೊರಟ ಹೆಂಗಸಿಲ್ಲ. ಅಲ್ಲಿನ ಸೇತುವೆ ಕೆಡವಿದರೆ ಮತ್ತೆ ಏಳುತ್ತದೆ. ಯಾಲು ನದಿಯ ಹಳೆಯ ಸೇತುವೆಯ ಚೀನಾ ಕಡೆಯ ಅರ್ಧ ಮಾತ್ರ ದಾನ್‌ಡಾಂಗ್ ಪಟ್ಟಣದಲ್ಲಿ ಇಂದಿಗೂ ನದಿಯ ನಡುವೆ ಕೊನೆಯಾಗಿ ನಿಂತಿದೆ, ಪ್ರವಾಸಿಗಳು ಟಿಕೆಟ್ಟು ಕೊಂಡು ನೋಡುತ್ತಾರೆ. ಇಷ್ಟನ್ನು ಒಪ್ಪಿಯೂ ಒಂದು ಮಾತು ಉಳಿಯುತ್ತದೆ. ಹಿಂಸೆಯನ್ನು ಪಟ್ಟಿಯಲ್ಲಿ ಮುಚ್ಚುವ ಈ ತಪ್ಪು ಆಟದ್ದಕ್ಕಿಂತ ಹೆಚ್ಚಾಗಿ ವಾಯುಯುದ್ಧದ್ದು. 1991ರ ಕೊಲ್ಲಿ ಯುದ್ಧದಲ್ಲಿ ದಿನದಿನದ ವಾಯು ಆದೇಶ ನೂರಾರು ಪುಟವಾಗುತ್ತಿತ್ತು. ವಿಮಾನವಾಹಕ ಹಡಗುಗಳಿಗೆ ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುವ ಅನುಕೂಲವಿಲ್ಲದೆ, ವಿಮಾನದಲ್ಲಿ ಹೊತ್ತು ತಂದು ಕೊಡಬೇಕಾಗಿತ್ತು. ಸಿನಿಮಾಗಳು ಕಪ್ಪು ಕನ್ನಡಕದ ಪೈಲಟನ್ನು ತೋರಿಸುತ್ತವೆ, ಕಾಗದದ ಕಟ್ಟನ್ನು ತೋರಿಸುವುದಿಲ್ಲ. ಆ ಮಟ್ಟಿಗೆ ನಮ್ಮ ಮಹನೀಯರ ಬೇಸರದ ಪಟ್ಟಿ ಸಿನಿಮಾಕ್ಕಿಂತ ಪ್ರಾಮಾಣಿಕ. ಅದೇ ಯುದ್ಧದಲ್ಲಿ ಜನವರಿ 19ರಂದು ಬಾಗ್ದಾದಿನ ಮೇಲೆ ಎಫ್-16ಗಳ ದೊಡ್ಡ ದಂಡು ಹೋಯಿತು. ರೇಡಾರು ಅಡಗಿಸಬೇಕಾದ ಎಫ್-4ಗಳು ಇಂಧನ ಸಾಲದೆ ಮೊದಲೇ ತಿರುಗಿದವು. ಎರಡು ಎಫ್-16 ಬಿದ್ದವು, ಪೈಲಟ್‌ಗಳು ಸೆರೆಯಾದರು. ಈ ಕಥೆ ಹೇಳುವಾಗ ಮಾತ್ರ ಅವರು ಸವಿಯುವುದಿಲ್ಲ. ಆಟದಲ್ಲಿ ಟ್ಯಾಂಕರ್ ಬಂದಿಲ್ಲವೆಂದು ಅವರು ಊಟ ಬಿಟ್ಟು ಕೂರುವುದರ ಹಿಂದೆ ಕಳಿಸಿದವರು ವಾಪಸು ಬರಲಿ ಎಂಬ ಕಾಳಜಿಯಿದೆ. ಅವರು ಕಳಿಸುವುದು ಬಹುತೇಕ ಕಂಪ್ಯೂಟರಿನ ಪೈಲಟ್‌ಗಳನ್ನು ಎಂಬುದು ಬೇರೆ ಮಾತು.

ಇಷ್ಟು ಜಾಣರಾದರೆ ಮನೆಯ ಕರೆಂಟು ಬಿಲ್ಲನ್ನು ಯಾಕೆ ಹೊತ್ತಿಗೆ ಕಟ್ಟುವುದಿಲ್ಲ ಎಂದು ಅವರ ಮನೆಯಾಕೆ ಕೇಳುವುದು ನ್ಯಾಯವೇ. ಉತ್ತರವೂ ಸರಳ: ಮನೆಯಲ್ಲಿ ಯಾರೂ ಹೇಳಿದ ವೇಗದಲ್ಲಿ ಹಾರುವುದಿಲ್ಲ. ಹಾಗಾದರೆ ಇದು ಬರೀ ಅಧಿಕಾರದ ಚಪಲವೆ? ಇರಲಾರದು, ಚಪಲಕ್ಕೆ ಇಷ್ಟು ಆಯುಸ್ಸಿಲ್ಲ. ಫಾಲ್ಕನ್ನಿನ ಸೋರ್ಸ್ ಕೋಡ್ 2000ದಲ್ಲಿ ಸೋರಿತು. ಅಭಿಮಾನಿಗಳು ಅದನ್ನು ತಿದ್ದಿ ತಿದ್ದಿ ಬಿಎಂಎಸ್ ಎಂಬ ಹೆಸರಿನಲ್ಲಿ ಇಂದಿಗೂ ಬೆಳೆಸುತ್ತಿದ್ದಾರೆ. ಬರೀ ಬೆಂಕಿ ಹೊಗೆ ಬೇಕಾಗಿದ್ದರೆ ಅದಕ್ಕಿಂತ ಕಣ್ಣು ಕುಕ್ಕುವ ಆಟಗಳು ಬೇಕಾದಷ್ಟಿದ್ದವು. ಮಹನೀಯರು ಯುದ್ಧ ಗೆದ್ದ ದಿನವೇ ಇದಕ್ಕೆ ಒಳ್ಳೆಯ ಪುರಾವೆ. 'ಟೈಗರ್ ಸ್ಪಿರಿಟ್' ಎಂಬ ಸುಲಭದ ಕ್ಯಾಂಪೇನಿನಲ್ಲಿ ಶತ್ರು ಸೋತು ಶರಣಾದಾಗ ಅವರ ಮುಖ ಬಾಡುತ್ತದೆ: ಹದಿನಾರು ವಿಮಾನಗಳ ದಾಳಿಯೊಂದು ಮರುದಿನ ಬೆಳಗಿನ ಜಾವಕ್ಕೆ ನಿಗದಿಯಾಗಿತ್ತು, ಶರಣಾಗತಿ ಅದನ್ನು ಕೆಡಿಸಿತು. ಆ ಪಟ್ಟಿಯನ್ನು ಎತ್ತಿಟ್ಟುಕೊಂಡು, ತಮ್ಮ ಕಡೆಯೇ ದುರ್ಬಲವಾಗಿರುವ 'ಐರನ್ ಫೋರ್ಟ್ರೆಸ್' ತೆರೆದು, ಕಂಪ್ಯೂಟರು ಹೊರಡಿಸಿದ ಮೊದಲ ಆದೇಶವನ್ನು ಅಳಿಸಲು ಕೂರುತ್ತಾರೆ.