ಡೊಂಬಿವಲಿ ಬಿರುಗಾಳಿ ಮೀಮಾಂಸೆ

ಶಾಸ್ತ್ರಗ್ರಂಥ ಎಂದ ಮೇಲೆ ನಾಲ್ಕು ಬಾಬತ್ತು ಮೊದಲೇ ಇತ್ಯರ್ಥವಾಗಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಕಡಲ ಬಳಿ ವಾಸವಾಗಿದ್ದುಕೊಂಡು ಗಾಳಿಮಳೆಯ ಅಬ್ಬರ ನೋಡುವುದು. ಪ್ರಯೋಜನ, ಲೋಕಲ್ ಗಾಡಿ ನಿಂತ ದಿನ ಹೊತ್ತು ಹೋಗುವುದು. ಗಾಡಿ ನಿಲ್ಲುವುದೂ ಗಾಳಿಮಳೆಯಿಂದಲೇ ಆದ್ದರಿಂದ ಸಂಬಂಧವನ್ನು ಬೇರೆ ಸಾಧಿಸಬೇಕಾಗಿಲ್ಲ. ಉಳಿದದ್ದು ಅಧಿಕಾರಿಯ ಪ್ರಶ್ನೆ. ಪ್ರಾಚೀನರು ಇದಕ್ಕಾಗಿ ವರ್ಣ, ಆಶ್ರಮ ಎಂದೆಲ್ಲ ತಲೆ ಕೆಡಿಸಿಕೊಂಡರು. ಥಾಣೆ ಜಿಲ್ಲೆಯ ಮೀಮಾಂಸಕರು ಮಹಡಿಯೊಂದನ್ನೇ ಕೇಳುತ್ತಾರೆ. ಎರಡನೇ ಮಹಡಿ ಅಥವಾ ಅದಕ್ಕೆ ಮೇಲ್ಪಟ್ಟು ಇರುವವನೇ ಬಿರುಗಾಳಿ ದರ್ಶನಕ್ಕೆ ಅಧಿಕಾರಿ. ನೆಲಮಹಡಿಯವನಿಗೆ ನೋಡಲು ಪುರುಸೊತ್ತಿಲ್ಲ. ಅವನು ಸಿಲಿಂಡರನ್ನು ಮಂಚದ ಮೇಲೂ ಮಂಚವನ್ನು ಇಟ್ಟಿಗೆಯ ಮೇಲೂ ಏರಿಸುತ್ತಿರುತ್ತಾನೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಯ ಚಾಳಿನವನಂತೂ ನೋಡುವವನೇ ಅಲ್ಲ, ನೋಡಿಸಿಕೊಳ್ಳುವವನು. ಸೊಂಟಮಟ್ಟ ನೀರಿನಲ್ಲಿ ಅವನು ಮಗುವನ್ನು ಹೆಗಲಿಗೇರಿಸಿ ಹೋಗುವುದನ್ನು ಮೇಲಿನವರು ಮೊಬೈಲಿನಲ್ಲಿ ಹಿಡಿದು, ದುಃಖದ ಗುರುತು ಹಾಕಿ, ಬಂಧುಗಳ ಗುಂಪಿಗೆ ಕಳಿಸುತ್ತಾರೆ. ಪ್ರಸ್ತುತ ಗ್ರಂಥಕಾರನ ವಾಸ ಮೂರನೇ ಮಹಡಿ. ಅಧಿಕಾರ ನಿರ್ವಿವಾದ.

ಇನ್ನು ಪೂರ್ವಪಕ್ಷ. ಮುಂಬಯಿ ದಕ್ಷಿಣಭಾಗದಲ್ಲಿ ಮನೆಯಿರುವ ಕೆಲವು ನೆಂಟರ ವಾದ ಹೀಗಿದೆ: ಡೊಂಬಿವಲಿಯಲ್ಲಿ ಕಡಲೇ ಇಲ್ಲ. ಇಲ್ಲದ ಕಡಲಿಗೆ ಬಿರುಗಾಳಿ ಎಲ್ಲಿಂದ, ಬಿರುಗಾಳಿಯೇ ಇಲ್ಲದ ಮೇಲೆ ನೋಡುವುದೇನನ್ನು? ಬಂಜೆಯ ಮಗ ಮೊಲದ ಕೋಡಿನ ಬಿಲ್ಲು ಹಿಡಿದು ಹೋದಂತಾಯಿತು ಎಂದು ಅವರು ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ನಗುತ್ತಾರೆ. ಅವರ ಹಿಂದೆ ಕಾಂಕ್ರೀಟಿನ ನಾಲ್ಕಾಲಿಗಳ ಮೇಲೆ ಅಲೆ ಒಡೆಯುತ್ತಿರುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ, ಒಪ್ಪಬೇಕು.

ಈ ವಾದವನ್ನು ಮೊದಲು ಆಗಮ ಪ್ರಮಾಣದಿಂದಲೇ ಖಂಡಿಸಬಹುದು. ಒಂದನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಕಡಲಯಾನದ ಕೈಪಿಡಿಯಲ್ಲಿ ಪಕ್ಕದ ಕಲ್ಯಾಣವು 'ಕಲ್ಲಿಯೇನ' ಎಂಬ ಹೆಸರಿನಲ್ಲಿ ಬಂದರೆಂದೇ ದಾಖಲಾಗಿದೆ. ಮುಂಗಾರು ಗಾಳಿಯ ಬೆನ್ನೇರಿ ಅರಬ್ಬೀ ಸಮುದ್ರ ದಾಟುತ್ತಿದ್ದ ಗ್ರೀಕರು ಅಲ್ಲಿಗೆ ಹೋಗಿ ಸಿಕ್ಕಿಬಿದ್ದರೆ ಹಡಗನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರೆಂದೂ ಅದರಲ್ಲಿದೆ. ಈ ಸಂಪ್ರದಾಯ ಅಳಿದಿಲ್ಲ. ಇಂದಿಗೂ ಸಂಜೆಯ ಫಾಸ್ಟ್ ಗಾಡಿಯಲ್ಲಿ ಡೊಂಬಿವಲಿಗೆಂದು ಹತ್ತಿದವನು ಬಾಗಿಲಿನವರೆಗೆ ಬರಲಾಗದೆ, ಜನರ ಕಾವಲಿನಲ್ಲಿ, ಕಲ್ಯಾಣದಲ್ಲಿ ಇಳಿಯುತ್ತಾನೆ. ಅದೇ ಕಲ್ಯಾಣದ ಖಾಡಿಯ ದಡದಲ್ಲಿ ದುರ್ಗಾಡಿ ಕೋಟೆಯಿದೆ. ಶಿವಾಜಿ ಮಹಾರಾಜರ ನೌಕಾಪಡೆಯ ಮೂಲ ಅಲ್ಲೇ ಎಂದು ಇಲ್ಲಿನವರು ನೆನೆಯುತ್ತಾರೆ. ನೌಕಾಪಡೆ ಹುಟ್ಟುವಷ್ಟು ನೀರಿದ್ದ ಕಡೆ ಬಿರುಗಾಳಿ ನೋಡಲು ನೀರಿಲ್ಲವೇ? (ಕಲ್ಯಾಣ ಎಂದೊಡನೆ ಬಸವಕಲ್ಯಾಣವನ್ನೇ ನೆನೆದು, ಅನುಭವ ಮಂಟಪ ಎಲ್ಲಿ ಎಂದು ಕೇಳುವ ನೆಂಟರು ಊರಿಂದ ಬರುವುದುಂಟು. ಅವರನ್ನು ಸಂಜೆ ಏಳರ ಹೊತ್ತಿಗೆ ಸ್ಟೇಷನ್ನಿನ ಸೇತುವೆಯ ಮೇಲೆ ಬಿಟ್ಟುಬಂದರೆ ಸಾಕು, ಅನುಭವಕ್ಕೆ ಕೊರತೆಯಾಗದು.)

ಇದು ಕನ್ನಡದ ಬಿರುಗಾಳಿ ಹೌದೋ ಅಲ್ಲವೋ ಎಂಬ ಉಪಪ್ರಶ್ನೆಯೂ ಇದೆ. ಕವಿರಾಜಮಾರ್ಗವು ಕನ್ನಡನಾಡಿನ ಮೇರೆಯನ್ನು ಗೋದಾವರಿಯವರೆಗೆ ಎಳೆದಿದೆ. ಗೋದಾವರಿ ಹುಟ್ಟುವುದು ತ್ರ್ಯಂಬಕದಲ್ಲಿ, ಅಂದರೆ ಕಸಾರಾ ಲೋಕಲ್ಲು ಮುಗಿದ ಮೇಲೂ ಎಷ್ಟೋ ದೂರ. ಇತ್ತ ಕಾನ್ಹೇರಿ ಗುಹೆಯ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಆದ್ದರಿಂದ ಡೊಂಬಿವಲಿ ಪಶ್ಚಿಮದಲ್ಲಿ ಬೀಸುವ ಗಾಳಿ ಒಂಬತ್ತನೇ ಶತಮಾನದಿಂದಲೂ ನಮ್ಮದೇ. ಇದನ್ನು ಸೊಸೈಟಿಯ ಮೀಟಿಂಗಿನಲ್ಲಿ ಎತ್ತದಿರುವುದು ಕ್ಷೇಮ.

ಪ್ರತ್ಯಕ್ಷ ಪ್ರಮಾಣಕ್ಕೆ ಬರೋಣ. ನೆಂಟರ ಪಕ್ಷ ಇಲ್ಲಿಯೇ ಪೂರ್ತಿ ಕುಸಿಯುವುದು. 2005ರ ಜುಲೈ 26ರಂದು, ಕಡಲಿಗೆ ಮುಖ ಮಾಡಿ 1826ರಿಂದ ಕೂತಿರುವ ಕೊಲಾಬಾ ವೀಕ್ಷಣಾಲಯದಲ್ಲಿ ಬಿದ್ದ ಮಳೆ ಸುಮಾರು 73 ಮಿಲಿಮೀಟರು. ಅದೇ 24 ಗಂಟೆಯಲ್ಲಿ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944. ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳಿಗೆ ನುಗ್ಗಿತು. ಅಂದರೆ ಕಡಲನ್ನು ಕಣ್ಣಾರೆ ಕಾಣುತ್ತಿದ್ದವರಿಗೆ ಸಿಕ್ಕಿದ್ದು ಒಂದು ಸಾಧಾರಣ ಮಳೆಗಾಲದ ದಿನ. ಕಡಲು ಕಾಣದವರ ಮನೆಗೆ ಕಡಲೇ ಬಂದಿತ್ತು. ಕಾರಣ ಗಹನವಲ್ಲ. ನೀರು ಹೊತ್ತ ಪಡುಗಾಳಿ ದಡದಲ್ಲಿ ನಿಲ್ಲುವ ಜಾಯಮಾನದ್ದಲ್ಲ. ಅದು ಒಳನಾಡಿಗೆ ಬಂದು, ಮಲಂಗಗಡ, ಮಾಥೇರಾನ್, ಅವುಗಳ ಹಿಂದಿನ ಸಹ್ಯಾದ್ರಿಯ ಗೋಡೆಗೆ ತಾಗಿ, ಮೇಲೇರಿ, ತಣಿದು, ಹೊರೆ ಇಳಿಸುತ್ತದೆ. ಕರಾವಳಿಗುಂಟ ವಾಯುಭಾರ ಕಡಿಮೆಯ ಪಟ್ಟಿಯೊಂದು ಚಾಚಿಕೊಂಡಿದ್ದರೆ ಹೊರೆ ಇನ್ನೂ ಜಾಸ್ತಿ. ಅದರ ಮೇಲೆ ಸಮುದ್ರದ ಭರತ ನಾಲ್ಕೂವರೆ ಮೀಟರು ದಾಟಿದ್ದರೆ ಗಟಾರದ ನೀರು ಹೊರಹೋಗಲು ದಾರಿಯಿಲ್ಲದೆ ಹಿಂದಿರುಗಿ ಬಂದು ಲಿಫ್ಟಿನ ಗುಂಡಿಯಲ್ಲಿ ಕೂರುತ್ತದೆ. ಒಟ್ಟಿನಲ್ಲಿ ಮರೀನ್ ಡ್ರೈವಿನವರು ನೋಡುವುದು ಬಿರುಗಾಳಿಯ ಲಕೋಟೆಯನ್ನು. ಕಾಗದ ಬಟವಾಡೆಯಾಗುವುದು ನಮ್ಮಲ್ಲಿ.

2005ರ ಆ ದಿನ ಕುರ್ಲಾದಿಂದಲೋ ಘಾಟಕೋಪರಿನಿಂದಲೋ ಹಳಿಗುಂಟ ನಡೆದು ಮರುದಿನ ಮನೆ ಮುಟ್ಟಿದವರು ಪ್ರತಿ ಕಟ್ಟಡದಲ್ಲೂ ಒಬ್ಬಿಬ್ಬರಿದ್ದಾರೆ. ಅವರು ಮೀಮಾಂಸೆ ಬರೆಯುವುದಿಲ್ಲ. ಮಳೆ ಜೋರಾದರೆ ಮಕ್ಕಳಿಗೆ ಫೋನ್ ಹಚ್ಚಿ, "ಹೊರಟೆಯಾ? ಹೊರಡು" ಎನ್ನುತ್ತಾರೆ, ಅಷ್ಟೇ.

ಅನುಮಾನ ಪ್ರಮಾಣದಲ್ಲಿ ನಮ್ಮ ತಾರ್ಕಿಕರನ್ನು ಮೀರಿಸಿದವರಿಲ್ಲ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬುದು ಹಳೆಯ ಉದಾಹರಣೆ. ಎಲ್ಲೆಲ್ಲಿ ಪ್ಲಾಟ್‌ಫಾರಂ ಇಂಡಿಕೇಟರ್ ಖಾಲಿಯೋ ಅಲ್ಲಲ್ಲಿ ಕುರ್ಲಾ–ಸಾಯನ್ ನಡುವೆ ಹಳಿಯ ಮೇಲೆ ನೀರು ಎಂಬುದು ನವ್ಯನ್ಯಾಯ. ಈ ವ್ಯಾಪ್ತಿಗೆ ಒಂದು ದೋಷವಿದೆ: ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೆ ನೀರಿಲ್ಲದೆಯೂ ಇಂಡಿಕೇಟರ್ ಖಾಲಿ. ಆದ್ದರಿಂದ 'ಭಾನುವಾರವಲ್ಲದ ದಿನ' ಎಂಬ ವಿಶೇಷಣ ಸೇರಿಸಿಕೊಳ್ಳಬೇಕು.

ಶಬ್ದ ಪ್ರಮಾಣ ಎರಡು ಬಗೆ. ಹವಾಮಾನ ಇಲಾಖೆಯ ವಾಕ್ಯ ಒಂದು: ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಅದಕ್ಕೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು. ಇನ್ನೊಂದು ಆಪ್ತವಾಕ್ಯ, ಉಡುಪಿಯಿಂದ ಅಮ್ಮನದು. "ಮುಂಬಯಿ ಮುಳುಗಿತಂತೆ ಮಾರಾಯಾ, ಟಿವಿಯಲ್ಲಿ ತೋರಿಸ್ತಾ ಉಂಟು. ನೀನೆಂತ ಮಾಡ್ತಿದ್ದಿ?" ಇಲ್ಲಿ ಬಿಸಿಲಿದೆ ಎಂದರೆ ಅವರು ನಂಬುವುದಿಲ್ಲ, ಟಿವಿಯಲ್ಲಿ ಇದೆಯಲ್ಲ. ಪ್ರಮಾಣಗಳು ಪರಸ್ಪರ ವಿರೋಧಿಸಿದಾಗ ಯಾವುದು ಪ್ರಬಲ? ಗ್ರಂಥಕಾರನ ಅನುಭವದಲ್ಲಿ, ಅಮ್ಮನದು. ಮರುದಿನ ಹೇಗೂ ಮುಳುಗುತ್ತದೆ.

ಬಿರುಗಾಳಿಯನ್ನು ಅಳೆಯುವುದು ಹೇಗೆ? ಇದೇ ಈ ಗ್ರಂಥದ ಹೃದಯಭಾಗ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಸೊನ್ನೆಯಿಂದ 12ರವರೆಗಿನ ತನ್ನ ಮಾಪಕವನ್ನು ಹೊಸೆಯಲು ತೊಡಗಿದಾಗ ಗಾಳಿಯನ್ನು ನೇರ ಅಳೆಯಲು ಹೋಗಲಿಲ್ಲ. ಯುದ್ಧನೌಕೆ ಎಷ್ಟು ಹಾಯಿ ಬಿಚ್ಚಿಕೊಂಡು ನಿಲ್ಲಬಲ್ಲದು ಎಂದು ನೋಡಿದ. ಡೊಂಬಿವಲಿಯ ಬಾಲ್ಕನಿಯಲ್ಲಿ ಹಾಯಿಗೆ ಬರವಿಲ್ಲ. ಸೊನ್ನೆಯಲ್ಲಿ ಒಗೆದ ಲುಂಗಿ ನೆಟ್ಟಗೆ ತೂಗುತ್ತದೆ, ಒಣಗುವುದಿಲ್ಲ. ಎರಡರಲ್ಲಿ ಕ್ಲಿಪ್ಪು ಬೇಕು. ನಾಲ್ಕರಲ್ಲಿ ಕ್ಲಿಪ್ಪು ಉಳಿದು ಲುಂಗಿ ಹೋಗುತ್ತದೆ. ಐದರಲ್ಲಿ ಸ್ಟೇಷನ್ ಸೇತುವೆಯ ಮೇಲೆ ಕೊಡೆಗಳೆಲ್ಲ ಒಂದೇ ಸಲ ಮಗುಚಿ ತಾವರೆಯಂತೆ ಅರಳುತ್ತವೆ. ಊರಿಂದ ತಂದ ದೊಡ್ಡ ಕೊಡೆ ಇದ್ದವನು ಮಾತ್ರ ಹೆಮ್ಮೆಯಿಂದ ನಿಂತು, ಅದರ ಜೊತೆಗೇ ಎರಡು ಹೆಜ್ಜೆ ಪಕ್ಕಕ್ಕೆ ಹೋಗುತ್ತಾನೆ. ಆರರಲ್ಲಿ ಮನೆಯೊಳಗೆ ನೀರುಳ್ಳಿ ಬಜೆಯ ಎಣ್ಣೆ ಕಾಯುತ್ತದೆ. ನೆರೆಯ ಮರಾಠಿ ಮನೆಯಲ್ಲಿ ಅದೇ ಹೊತ್ತಿಗೆ ಕಾಂದಾ ಭಜಿ ಇಳಿಯುವುದರಿಂದ ಈ ಅಂಕ ಭಾಷಾತೀತ ಎಂದು ಸಿದ್ಧ. ಏಳರಲ್ಲಿ, ಮೇ ಕೊನೆಗೆ ಕಿಟಕಿಯ ಜಾಲರಿಗೆ ಕಟ್ಟಿದ ನೀಲಿ ತಾಡಪತ್ರಿ ಕಿತ್ತು ಪಕ್ಕದ ವಿಂಗಿನ ಬಾಲ್ಕನಿಗೆ ಹಾರುತ್ತದೆ, ಅಲ್ಲಿಯದು ಇಲ್ಲಿಗೆ ಬರುತ್ತದೆ. ಹಳೆಯದು ಹೋಗಿ ಹೊಸದು ಬಂದಿದ್ದರೆ ಯಾರೂ ಮಾತಾಡುವುದಿಲ್ಲ. ಒಂಬತ್ತರಲ್ಲಿ ಗುಲ್‌ಮೊಹರಿನ ಕೊಂಬೆ ಸೆಕ್ರೆಟರಿಯ ಕಾರಿನ ಮೇಲೆ ಬೀಳುತ್ತದೆ. ಬೇರೆಯವರ ಕಾರಿನ ಮೇಲೆ ಬಿದ್ದರೆ ಅದು ಎಂಟು.

ಈ ಮಾಪಕದಲ್ಲಿ ಹನ್ನೊಂದನ್ನು ತಲುಪಿದ್ದು 2021ರ ಮೇ 17ರ ತೌಕ್ತೆ ಚಂಡಮಾರುತ. ಕೊಲಾಬಾದಲ್ಲಿ ಗಾಳಿಯ ಹೊಡೆತ ಗಂಟೆಗೆ 114 ಕಿಲೋಮೀಟರು ಮುಟ್ಟಿತ್ತು. ಹಿಂದಿನ ವರ್ಷ ಜೂನ್ 3ರ ನಿಸರ್ಗ ಚಂಡಮಾರುತವು ಅಲಿಬಾಗಿನ ಕಡೆ ದಡ ಹತ್ತಿ ರಾಯಗಡವನ್ನು ಬಡಿದು, ನಮ್ಮನ್ನು ಬಿಟ್ಟುಹೋಗಿತ್ತು. ಎರಡೂ ಕೊರೊನಾ ಕಾಲದಲ್ಲೇ ಬಂದದ್ದರಿಂದ ಇಡೀ ಡೊಂಬಿವಲಿ ಮನೆಯಲ್ಲಿದ್ದು, ಕಿಟಕಿಗೆ ಒಬ್ಬೊಬ್ಬರಂತೆ, ಆಫೀಸಿನ ರಜೆ ಕಳೆದುಕೊಳ್ಳದೆ ಬಿರುಗಾಳಿ ನೋಡಿತು. ತೌಕ್ತೆಯ ದಿನ ನಡುಗಡಲಿನಲ್ಲಿ ಮುಳುಗಿದ ಪಿ–305 ಬಾರ್ಜಿನವರ ಅಳತೆ ಬೇರೆ. ಅದನ್ನು ಬಜೆಯ ಪಕ್ಕದಲ್ಲಿ ಕೂರಿಸುವ ಧೈರ್ಯ ಈ ಮಾಪಕಕ್ಕಿಲ್ಲ.

ದರ್ಶನಕ್ಕೆ ಪ್ರಶಸ್ತ ಸ್ಥಳಗಳ ಬಗ್ಗೆ ಸ್ವಲ್ಪ. ಬಹುಕಾಲ ಫಾಸ್ಟ್ ಲೋಕಲ್ಲುಗಳು 1916ರಷ್ಟು ಹಳೆಯ ಪಾರ್ಸಿಕ್ ಸುರಂಗದೊಳಗೆ ನುಗ್ಗುತ್ತಿದ್ದವು. ಸ್ಲೋ ಗಾಡಿ ಮಾತ್ರ ಮುಂಬ್ರಾದ ಬದಿಯಿಂದ, ಖಾಡಿಯ ಅಂಚಿನಲ್ಲಿ ಸುತ್ತಿ ಬರುತ್ತಿತ್ತು. ಹೀಗಾಗಿ ಆತುರಗಾರನಿಗೆ ಕತ್ತಲೆ, ತಾಳ್ಮೆಯವನಿಗೆ ಬೂದು ನೀರಿನ ಮೇಲೆ ಓರೆಯಾಗಿ ಬರುವ ಮಳೆಗೋಡೆ ಎಂಬ ನ್ಯಾಯವಾದ ಹಂಚಿಕೆಯಿತ್ತು. ಈಗ ಹೊಸ ಹಳಿ ಬಂದು ಅದೂ ಕಲಸಿಹೋಗಿದೆ. ಮಾನಖುರ್ದ್ ದಾಟಿ ವಾಶಿಯ ಸೇತುವೆ ಹತ್ತಿದಾಗ ಹಾರ್ಬರ್ ಲೈನಿನವರಿಗೆ ಸಿಗುವ ನೋಟ ಇನ್ನೂ ವಿಶಾಲ, ಆದರೆ ಆಗ ಎಲ್ಲರೂ ಬಾಗಿಲು ಮುಚ್ಚಿ ಎಂದು ಕೂಗುತ್ತಿರುತ್ತಾರೆ. ನವಿಮುಂಬಯಿಯ ಹಲವು ಭಾಗ ಭರತದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಅದಕ್ಕೇ ಆ ನಗರ ಕಟ್ಟಿದ ಸಿಡ್ಕೋದವರು ಡಚ್ಚರ ಪದ್ಧತಿಯಂತೆ ಕೊಳಗಳನ್ನು ಕಟ್ಟಿಸಿ, ಭರತದಲ್ಲಿ ಬಾಗಿಲು ಮುಚ್ಚಿಕೊಂಡು ಇಳಿತದಲ್ಲಿ ತೆರೆದುಕೊಳ್ಳುವ ತೂಬು ಇಟ್ಟರು. ಚಳಿಗಾಲದಿಂದ ಖಾಡಿಯಲ್ಲಿ ಬೀಡುಬಿಟ್ಟ ರಾಜಹಂಸಗಳು ಮಳೆ ಹಿಡಿಯುವ ಮೊದಲೇ ಹಾರಿಹೋಗುತ್ತವೆ. 2022ರಲ್ಲಿ ಥಾಣೆ ಖಾಡಿಗೆ ರಾಮ್‌ಸಾರ್ ಪಟ್ಟ ಸಿಕ್ಕಿದರೂ ಒಂದೂ ಉಳಿದು ಬಿರುಗಾಳಿ ನೋಡಲಿಲ್ಲ. ಬೇಲಾಪುರದ ದಿವಾಳೆಯ ಕೋಳಿ ಸಮುದಾಯದ ಮೀನುಗಾರರೂ ನೋಡುವುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆಗೆ ನಿಷೇಧ. ದೋಣಿ ಎಳೆದಿಟ್ಟು, ಕಡಲಿಗೆ ಬೆನ್ನು ಹಾಕಿ ಕೂತು ಬಲೆಯ ತೂತು ಹೊಲಿಯುತ್ತಾರೆ. ನಾರಳಿ ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮುಖ ತಿರುಗಿಸುವುದು. ತಜ್ಞರಾದವರು ನೋಡದೆ ಇರುವುದನ್ನು ನೋಡುವುದೇ ಕಲೆ ಎಂದು ಗ್ರಂಥಕಾರ ಭಾವಿಸುತ್ತಾನೆ.

ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ 2019ರ ಜುಲೈ 27ರಂದು ಬದಲಾಪುರ, ವಾಂಗಣಿಗಳ ನಡುವೆ ಉಲ್ಹಾಸದ ನೆರೆಯಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿ ತಂದು ಪಾರುಮಾಡಬೇಕಾಯಿತು. ರೈಲ್ವೆಯವರು ಇದನ್ನು ಅಡಚಣೆ ಎಂದು ಬರೆದುಕೊಂಡರು. ಪುರಾಣ ಬಲ್ಲವರು ಹಾಗೆನ್ನಲಾರರು. ಲಕ್ಷ್ಮಿ ಹುಟ್ಟಿದ್ದೇ ಸಮುದ್ರದಲ್ಲಿ. ಶ್ರಾವಣ ಹತ್ತಿರ ಬಂದಾಗ ಹೆಣ್ಣುಮಗಳು ಒಂದು ಹಗಲು ತವರಲ್ಲಿ ಕೂತರೆ ತಪ್ಪೇನು? ಕಡಲು ಬದಲಾಪುರದವರೆಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಬೇಕೆನ್ನುವ ಹಟಮಾರಿಗಳಿಗೆ ಗ್ರಂಥಕಾರನ ಹಾಲಿನ ಗೋಡೆಯಿದೆ. ಪ್ರತಿ ಆರಿದ್ರಾ ಮಳೆಗೆ ಅದರ ಮೇಲೆ ಒಂದು ತೇವದ ಕಲೆ ಮೂಡಿ, ಪುನರ್ವಸುವಿಗೆ ಸೌರಾಷ್ಟ್ರದ ಆಕಾರ ತಾಳಿ, ಆಶ್ಲೇಷಾಕ್ಕೆ ದಕ್ಷಿಣಕ್ಕೆ ಇಳಿದು ಕಾರವಾರ ಮುಟ್ಟುತ್ತದೆ. ಮಳೆ ಬಿಟ್ಟ ದಿನ ಕಲೆಯ ಅಂಚಿನಲ್ಲಿ ಬಿಳಿಯ ಹುಡಿ ಕೂರುತ್ತದೆ. ಸಿವಿಲ್ ಇಂಜಿನಿಯರರು ಇಟ್ಟಿಗೆ ಸಿಮೆಂಟಿನೊಳಗಿನ ಲವಣ ನೀರಿನೊಂದಿಗೆ ಹೊರಬಂದು ಹೆಪ್ಪುಗಟ್ಟುವುದು ಎಂದು ಒಣ ವಿವರಣೆ ಕೊಡುತ್ತಾರೆ. ಗ್ರಂಥಕಾರ ಬೆರಳಿನ ತುದಿಗೆ ಹಚ್ಚಿ ನಾಲಿಗೆಗಿಟ್ಟು ಪರೀಕ್ಷಿಸಿದ. ಉಪ್ಪು. ಪಡುಗಾಳಿ ತಂದ ಕಡಲು ಮೂರನೇ ಮಹಡಿ ಏರಿದೆ ಎಂದು ಸಿದ್ಧಾಂತ ಘೋಷಿಸಿ, ಸಾಕ್ಷಿಗಾಗಿ ಮೇಲಿನ ಮನೆಯ ಕುಂದಾಪುರದ ಅಮ್ಮನನ್ನು ಕರೆಸಲಾಯಿತು.

ಅವರು ಕನ್ನಡಕ ಏರಿಸಿ ಗೋಡೆ ನೋಡಿದರು. "ಕಡಲೂ ಅಲ್ಲ, ಎಂತದೂ ಅಲ್ಲ ಮಾಷ್ಟ್ರೇ. ಮಿಡಿ ಉಪ್ಪಿನಲ್ಲಿ ಹಾಕಿಟ್ಟ ಭರಣಿ ಮೊನ್ನೆ ಬಿರುಕು ಬಿಟ್ಟದ್ದು. ಉಪ್ಪುನೀರೆಲ್ಲ ನೆಲಕ್ಕೆ ಹೋಯ್ತು. ನಾನು ಹೇಳುವಾ ಅಂತಲೇ ಇದ್ದೆ."

ಉಪ್ಪು ಎಲ್ಲಿಯದು ಎಂದು ಕೇಳಲಾಯಿತು. ಅಂಗಡಿಯದು, ಕಲ್ಲುಪ್ಪು, ಎಂದರು. ಕಲ್ಲುಪ್ಪು ಬರುವುದು ಉಪ್ಪಿನಾಗರದಿಂದ, ಆಗರಕ್ಕೆ ನೀರು ಬರುವುದು ಕಡಲಿನಿಂದ. ಆದ್ದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ; ಕಡಲು ಬಂದದ್ದು ಪಶ್ಚಿಮದ ಬದಲು ಮೇಲಿನಿಂದ, ಅಷ್ಟೇ. ಬಣ್ಣದ ಖರ್ಚು ಯಾರು ಕೊಡಬೇಕು ಎಂಬ ಪೂರ್ವಪಕ್ಷವನ್ನು ಸೆಕ್ರೆಟರಿಯವರು ಮುಂದಿನ ಮೀಟಿಂಗಿಗೆ ಹಾಕಿದ್ದಾರೆ.